ರೈಸ್ ಪಿತಾಪುತ್ರರು

ಇಂಡಿಯಾನಾ ಜೋನ್ಸ್ ಎಂಬ ಪ್ರಾಕ್ತನ ಸಂಶೋಧಕನ ಕಥೆಯ ಮೂರನೆಯ ಚಲಚ್ಚಿತ್ರವು 1989ರಲ್ಲಿ ತೆರೆಗೆ ಬಂದಿತು. ತಂದೆಮಕ್ಕಳು ಒಟ್ಟಿಗೆ ಕುಳಿತು ನೋಡತಕ್ಕ ಚಿತ್ರವದು. ತಂದೆಯು ಗ್ರಂಥಗಳಲ್ಲಿ ಮುಳುಗಿದ ಪಂಡಿತ. ಮಗನು ಗುಹಾಗಹ್ವರಗಳನ್ನು ಹೊಗುವ ಸಾಹಸಿ. ತಂದೆಯು ಆಯುಷ್ಯವೆಲ್ಲಾ ಬರೆದಿಟ್ಟ ಟಿಪ್ಪಣಿಯ ಪುಸ್ತಕವೇ ಮಗನಿಗೆ ದಾರಿದೀಪ. ಓಟ, ಹೊಡೆದಾಟಗಳು ಬಾಲಕರಿಗೆ ಪ್ರಿಯವಾಗಲಿ. ಲಿಪಿಯನ್ನು ಬಲ್ಲವರಿಗೆ ರುಚಿಸುವ ಪ್ರಸಂಗವು ಬೇರೆಯೇ ಇದೆ. ನೆಲದಲ್ಲಿ ಕೆತ್ತಿದ ಅಕ್ಷರಗಳ ಮೇಲೆ ಹೆಜ್ಜೆಯಿಟ್ಟು ಮಗನು ದೇವರ ಹೆಸರನ್ನು ಕೂಡಿಸಬೇಕು. ಇಂಗ್ಲಿಷಿನ ವಾಡಿಕೆಯಂತೆ ‘ಜೆ’ಯನ್ನು ತುಳಿಯುತ್ತಲೇ ಕಲ್ಲು ಕುಸಿಯುತ್ತದೆ, ಲ್ಯಾಟಿನಿನಲ್ಲಿ ಆ ಹೆಸರಿನ ಆದ್ಯಕ್ಷರವು ‘ಐ’. ಲಿಪಿಯ ದೇಶಕಾಲಗಳನ್ನರಿಯದೆ ಓದುವವನ ಪಾಡು ಇಷ್ಟೇ!

ಇಂತಹ ತಂದೆಮಗ ಬೆಂಗಳೂರಿನಲ್ಲಿಯೇ ಇದ್ದರೆಂಬುದನ್ನು ನೆನೆಯುವವರು ವಿರಳ. ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸರು 1837ರಲ್ಲಿ ಈ ಊರಿಗೆ ಬಂದು, ಐವತ್ತು ವರ್ಷ ದುಡಿದು, 1887ರಲ್ಲಿ ತೀರಿಕೊಂಡರು. ಕನ್ನಡವನ್ನು ಚೆನ್ನಾಗಿ ಕಲಿತು ಬೈಬಲಿನ ಕನ್ನಡ ಪರಿಷ್ಕರಣದಲ್ಲಿ ಪಾಲುಗೊಂಡವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಈ ಹಿರಿಯರ ಹೆಸರಿನದು. ಶಾಸನದ ರೈಸರದೆಂದು ಭಾವಿಸುವವರೂ ಉಂಟು.

ಅವರು ಬಂದ ವರ್ಷವೇ ಇಲ್ಲಿ ಹುಟ್ಟಿದ ಮಗ ಬೆಂಜಮಿನ್ ಲೂಯಿಸ್ ರೈಸರು ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಉಪಾಧ್ಯಾಯರಾಗಿ ಹಿಂದಿರುಗಿದರು. ಮುಂದೆ ಶಾಲೆಗಳ ತನಿಖೆಗಾಗಿ ಊರೂರು ಸುತ್ತುತ್ತಿದ್ದಾಗ ಅವರ ಕಣ್ಣು ಕಲ್ಲುಗಳ ಮೇಲೆ ಬಿದ್ದಿತು. ತಂದೆಯ ಕನ್ನಡವು ಜೀವಂತರೊಡನೆ ಮಾತಾಡಿತು. ಮಗನ ಕನ್ನಡವು ಸತ್ತವರ ಮಾತನ್ನು ಕೇಳಹೊರಟಿತು. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ವು ಅವರ ಕಾಲದಲ್ಲಿ ಹನ್ನೆರಡು ಸಂಪುಟಗಳಾಗಿ ಬೆಳೆದು ಸುಮಾರು 9000 ಶಾಸನಗಳನ್ನು ಒಳಕೊಂಡಿತು. ಚಲಚ್ಚಿತ್ರದ ನಾಯಕನಂತೆ ರೈಸರು ಒಂಟಿಯಲ್ಲ. ಪ್ರತಿಗಳನ್ನೆತ್ತಿ ಪಾಠವನ್ನು ತಿದ್ದಿದ ಪಂಡಿತರಿಗೆ ಆ ಕೀರ್ತಿಯಲ್ಲಿ ದೊಡ್ಡ ಪಾಲು ಸಲ್ಲಬೇಕು, ಸಂದಿರುವುದು ಅಲ್ಪ.

1892ರಲ್ಲಿ ಬ್ರಹ್ಮಗಿರಿಯ ಸೀಮೆಯಲ್ಲಿ ಅಶೋಕನ ಶಾಸನಗಳನ್ನು ಅವರು ಬೆಳಕಿಗೆ ತಂದರು. ಮೌರ್ಯರ ಆಳ್ವಿಕೆ ಕನ್ನಡನಾಡಿನವರೆಗೂ ಹಬ್ಬಿತ್ತೆಂಬುದು ಅಂದು ಪ್ರತ್ಯಕ್ಷವಾಯಿತು. ಅಲ್ಲಿಯೂ ಅಕ್ಷರದ ಒಂದು ಚಮತ್ಕಾರವಿದೆ. ಬ್ರಾಹ್ಮಿಯಲ್ಲಿ ಬರೆಯುತ್ತ ಬಂದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಲಿಪಿಯನ್ನು ಚಿತ್ರದುರ್ಗದ ಬಂಡೆಯ ಮೇಲೆ ನಿರೀಕ್ಷಿಸುವವರಾರು?

ಬೆಂಗಳೂರು ಜಿಲ್ಲೆಯ ಸಂಪುಟವು 1905ರಲ್ಲಿ ಹೊರಬಂದಿತು. ಇಂದು ಬಿ.ಟಿ.ಎಂ. ಬಡಾವಣೆಯ ಅಂಚಿನಲ್ಲಿರುವ ಮಡಿವಾಳದ ಸೋಮೇಶ್ವರಾಲಯದ ಗೋಡೆಯಲ್ಲಿ 13ನೆಯ ಶತಮಾನದ ತಮಿಳು ಶಾಸನಗಳಿವೆ. ಅಲ್ಲಿಂದ ದಕ್ಷಿಣಕ್ಕಿರುವ ಬೇಗೂರು ಶಾಸನಗಳ ಬೆಂಪೂರು. ಗಂಗ ಎರೆಯಪ್ಪನ ಆಜ್ಞೆಯಂತೆ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ವೀರಗಲ್ಲು, ಆನೆ ಕುದುರೆಗಳ ಕೆತ್ತನೆಯೊಡನೆ, ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅದೇ ಊರಿನ ದೇವಾಲಯದಲ್ಲಿ ‘ಬೆಂಗುಳೂರ’ ಕಾಳಗವನ್ನು ಹೇಳುವ, ಸುಮಾರು 890ರ ಮತ್ತೊಂದು ಕಲ್ಲನ್ನು ರೈಸರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ಯರು 1915ರಲ್ಲಿ ಗುರುತಿಸಿದರು. ಬೆಂದಕಾಳೂರಿನ ಕಥೆಗಿಂತ ಈ ಒಂದು ಸಾಲಿಗೆ ಬೆಲೆ ಹೆಚ್ಚು. ರಾಜಧಾನಿಯ ಹೆಸರಿಗೆ ಸಾಕ್ಷಿಯಾದ ಕಲ್ಲು ಬಹುಕಾಲ ಅನಾಥವಾಗಿ ಬಿದ್ದಿದ್ದುದು ನಾಚಿಕೆಯ ಸಂಗತಿ.

ಚಲಚ್ಚಿತ್ರದ ಕೊನೆಯಲ್ಲಿ ಪವಿತ್ರಪಾತ್ರೆಯು ಬಿರುಕಿನೊಳಗೆ ಉಳಿಯುತ್ತದೆ. ಅದನ್ನು ಬಿಟ್ಟುಬಿಡೆಂದು ತಂದೆಯೇ ಹೇಳಿ ಮಗನನ್ನು ಉಳಿಸಿಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಕಲ್ಲನ್ನು ಬಿಟ್ಟುಬಿಡೆಂದು ಯಾರೂ ಹೇಳಬೇಕಾಗಿಲ್ಲ. ರೈಸರು ಪಟ್ಟಿಮಾಡಿದವುಗಳಲ್ಲಿ ಹಲವು ಇದ್ದೆಡೆಯಲ್ಲಿ ಇಲ್ಲ. ಹೊಲಗಳು ಬಡಾವಣೆಗಳಾದಂತೆ ಅವು ಮಣ್ಣುಪಾಲಾದುವು. ಅವುಗಳ ಪಾಠ ಮಾತ್ರ ಸಂಪುಟದಲ್ಲಿ ಉಳಿದಿದೆ. ಉಳಿದ ಕಲ್ಲುಗಳನ್ನು ಹುಡುಕಿ, ಅವುಗಳ ಮೇಲ್ಮೈಯನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿ ದಾಖಲಿಸುವ ಕಾರ್ಯವನ್ನು ಮಿಥಿಕ್ ಸೊಸೈಟಿಯು 2021ರಲ್ಲಿ ಕೈಗೊಂಡಿತು. ಆ ಹುಡುಕಾಟಕ್ಕೂ ಮೊದಲ ಕೈಪಿಡಿ 1905ರ ಸಂಪುಟವೇ.