ಸುಳ್ಳು ಪತ್ರ ಮತ್ತು ವಾಲ್ಕೇಶ್ವರದ ಗುಡಿ

ಮುಂಬೈಯ ಮಲಬಾರ್ ಹಿಲ್ ತುದಿಯಲ್ಲಿ, ಬಾಣಗಂಗಾ ಕೊಳದ ಬಳಿ ವಾಲ್ಕೇಶ್ವರ ದೇವಸ್ಥಾನವಿದೆ. ಹೆಸರಿನ ಮೂಲ ಸಂಸ್ಕೃತದ ‘ವಾಲುಕಾ’, ಅಂದರೆ ಮರಳು. ಸೀತೆಯನ್ನು ಹುಡುಕುತ್ತ ಬಂದ ರಾಮ ಇಲ್ಲಿ ಮರಳಿನ ಲಿಂಗ ಮಾಡಿ ಪೂಜಿಸಿದನೆಂಬುದು ಸ್ಥಳಪುರಾಣ. 1127ರಲ್ಲಿ ಶಿಲಾಹಾರರ ಮಂತ್ರಿ ಲಕ್ಷ್ಮಣ ಪ್ರಭು ಕೊಳವನ್ನೂ ಗುಡಿಯನ್ನೂ ಕಟ್ಟಿಸಿದನೆಂದು ಹೇಳುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಆ ಗುಡಿ ನಾಶವಾಯಿತು. 1715ರಲ್ಲಿ ಅದನ್ನು ಮತ್ತೆ ಕಟ್ಟಿಸಿದವನು ರಾಮ ಕಾಮತಿ ಎಂಬ ವರ್ತಕ.

ಕಾಮತಿ ಗೌಡ ಸಾರಸ್ವತ ಬ್ರಾಹ್ಮಣ. ಗೋವಾ ಬಿಟ್ಟು ತೆಂಕಲಿಗೆ ಬಂದ ಈ ಕೊಂಕಣಿ ಮಾತಿನ ಜನ ಕಾರ್ಕಳ, ಮಂಗಳೂರು, ಕೊಚ್ಚಿಗಳಲ್ಲಿ ವ್ಯಾಪಾರವನ್ನೂ ಬೆಳೆಸಿದರು, ದೇವಸ್ಥಾನಗಳನ್ನೂ ಕಟ್ಟಿದರು. ಬಡಗಲಿಗೆ ಹೋದವರಿಗೆ ಮುಂಬೈ ಒದಗಿತು. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ವರ್ತಕರು ಬೇಕಾಗಿದ್ದರು. 1677ರಲ್ಲೇ ದೀವ್‌ನ ವರ್ತಕ ನೀಮಾ ಪಾರಖ್‌ಗೆ ಅದು ಧರ್ಮಾಚರಣೆಯ ಸ್ವಾತಂತ್ರ್ಯದ ಭರವಸೆ ಕೊಟ್ಟಿತ್ತು. ಪೋರ್ಚುಗೀಸರು ಕೆಡವಿದ್ದನ್ನು ಇಂಗ್ಲಿಷರ ಊರಿನಲ್ಲಿ ಕಟ್ಟಲು ಸಾಧ್ಯವಾದದ್ದು ಇಂಥ ವಾತಾವರಣದಲ್ಲಿ.

ಕಾಮತಿ ಕಂಪನಿಗೆ ಹತ್ತಿರದವನು. ಅದರ ಸಿಪಾಯಿಗಳ ಮುಖ್ಯಸ್ಥನೂ ಆಗಿದ್ದ. 1718ರ ಕ್ರಿಸ್‌ಮಸ್ ದಿನ ಕೋಟೆಯೊಳಗಿನ ಸೇಂಟ್ ಥಾಮಸ್ ಚರ್ಚು ಮೊದಲ ಬಾರಿಗೆ ತೆರೆದಾಗ, ತನ್ನ ಜಾತಿಯವರೊಂದಿಗೆ ಹೋಗಿ ಪ್ರಾರ್ಥನೆ ನೋಡಿದ್ದ.

ಆದರೆ ಅದಕ್ಕೆ ಕೆಲವೇ ವಾರಗಳ ಹಿಂದೆ ಗವರ್ನರ್ ಚಾರ್ಲ್ಸ್ ಬೂನ್ ಕಳಿಸಿದ ಪಡೆ, ಮರಾಠಾ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಖಾಂದೇರಿ ದ್ವೀಪದಲ್ಲಿ ಸೋತು ಬಂದಿತ್ತು. ಸೋಲಿಗೆ ಒಳಗಿನವನೊಬ್ಬ ಕಾರಣನಿರಬೇಕೆಂಬ ಅನುಮಾನ ಹುಟ್ಟಿತು. ಆಂಗ್ರೆಯೊಂದಿಗೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದನೆಂದು 1720ರಲ್ಲಿ ಕಾಮತಿಯ ವಿಚಾರಣೆ ನಡೆಯಿತು. ಸಾಕ್ಷಿ ಹೇಳಿಸಲು ಚಿತ್ರಹಿಂಸೆ ಬಳಸಿದರು. ಅವನದೆಂದು ಒಂದು ಪತ್ರವನ್ನು ಮುಂದಿಟ್ಟರು. ಶಿಕ್ಷೆ: ಆಜೀವ ಸೆರೆ, ಆಸ್ತಿ ಮುಟ್ಟುಗೋಲು. 1728ರಲ್ಲಿ ಆತ ಸೆರೆಯಲ್ಲೇ ಸತ್ತ. ಪತ್ರ ಖೊಟ್ಟಿಯೆಂಬುದು ಬಯಲಾಗುವಾಗ ತಡವಾಗಿತ್ತು.

ವರ್ತಕನ ಬಂಡವಾಳವೆಂದರೆ ಹಣಕ್ಕಿಂತ ಮೊದಲು ನಂಬಿಕೆ. ಕಾಮತಿಯಿಂದ ಕಂಪನಿ ಎರಡನ್ನೂ ಕಿತ್ತುಕೊಂಡಿತು. ದೇವರಿಗೆ ಕೊಟ್ಟದ್ದು ಮಾತ್ರ ಅದರ ಲೆಕ್ಕದಿಂದ ಹೊರಗುಳಿಯಿತು. ಈಗಿನ ವಾಲ್ಕೇಶ್ವರ ದೇವಸ್ಥಾನ ಕಾಂಕ್ರೀಟಿನ ಹೊಸ ಕಟ್ಟಡ; ಕಾಮತಿ ಕಟ್ಟಿಸಿದ ಗುಡಿ ಉಳಿದಿಲ್ಲ. ಆದರೂ ಅಲ್ಲಿನ ಇತಿಹಾಸ ಹೇಳುವವರು ಅವನ ಹೆಸರನ್ನು ಜೀರ್ಣೋದ್ಧಾರ ಮಾಡಿಸಿದವನೆಂದೇ ಹೇಳುತ್ತಾರೆ, ದ್ರೋಹಿಯೆಂದಲ್ಲ. ಪಕ್ಕದ ಬಾಣಗಂಗಾ ಕೊಳ ಇಂದಿಗೂ ಗೌಡ ಸಾರಸ್ವತ ಬ್ರಾಹ್ಮಣರ ದೇವಸ್ಥಾನ ಟ್ರಸ್ಟಿಗೆ ಸೇರಿದ್ದು.