ಫ್ರಾನ್ಸಿಸ್ ಜೆಫ್ರಿ (1773–1850)
ಎಡಿನ್‌ಬರೋದಲ್ಲಿ ಹುಟ್ಟಿ ಬೆಳೆದ ಜೆಫ್ರಿ 1794ರಲ್ಲಿ ವಕೀಲರಾದರು. ಸಂಪ್ರದಾಯವಾದಿ ಟೋರಿ ಪಕ್ಷದವರ ಕೈ ಮೇಲಾಗಿದ್ದ ಆ ಊರಿನಲ್ಲಿ ಇವರು ಸುಧಾರಣಾವಾದಿ ವಿಗ್ ಪಕ್ಷದವರು. ಹಾಗಾಗಿ ಕಕ್ಷಿದಾರರು ಬಹುಕಾಲ ಇವರತ್ತ ಸುಳಿಯಲೇ ಇಲ್ಲ. ಹೆಸರು ತಂದದ್ದು, 1802ರಲ್ಲಿ ಗೆಳೆಯರೊಡನೆ ಆರಂಭಿಸಿದ ‘ಎಡಿನ್‌ಬರೋ ರಿವ್ಯೂ’ ತ್ರೈಮಾಸಿಕ. ಅದರ ಸಂಪಾದಕರಾಗಿ 1829ರವರೆಗೆ ಕವಿಗಳನ್ನು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿದರು.

ಇಂಥ ವಿಮರ್ಶೆಯಿಂದ ಕೆರಳಿದ ಐರಿಷ್ ಕವಿ ಥಾಮಸ್ ಮೂರ್ 1806ರಲ್ಲಿ ಇವರನ್ನು ದ್ವಂದ್ವಯುದ್ಧಕ್ಕೆ ಕರೆದರು. ಲಂಡನ್ನಿನ ಚಾಕ್ ಫಾರ್ಮ್‌ನಲ್ಲಿ ಇಬ್ಬರೂ ಪಿಸ್ತೂಲು ಎತ್ತುವಷ್ಟರಲ್ಲಿ ಪೊಲೀಸರು ಬಂದು ತಡೆದರು. ಪರೀಕ್ಷಿಸಿದಾಗ ಜೆಫ್ರಿಯವರ ಪಿಸ್ತೂಲಿನಲ್ಲಿ ಗುಂಡೇ ಇರಲಿಲ್ಲ! ಊರೆಲ್ಲ ನಕ್ಕಿತು, ಅವರಿಬ್ಬರು ಮಾತ್ರ ಗೆಳೆಯರಾದರು.

1830ರಲ್ಲಿ ವಿಗ್ ಸರ್ಕಾರ ಬಂದಾಗ ಜೆಫ್ರಿ ಸ್ಕಾಟ್ಲೆಂಡಿನ ಲಾರ್ಡ್ ಅಡ್ವೊಕೇಟ್, ಅಂದರೆ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಆದರು. ಗೆಳೆಯ ವಕೀಲ ಹೆನ್ರಿ ಕಾಕ್‌ಬರ್ನ್ ಜೊತೆ ಸಿದ್ಧಪಡಿಸಿದ, ಸ್ಕಾಟ್ಲೆಂಡಿನ ಚುನಾವಣಾ ಸುಧಾರಣಾ ಮಸೂದೆ 1832ರಲ್ಲಿ ಕಾಯ್ದೆಯಾಯಿತು. ಸುಮಾರು 4,500 ಇದ್ದ ಮತದಾರರ ಸಂಖ್ಯೆ 65,000ದ ಆಸುಪಾಸಿಗೇರಿತು. ಆದರೂ ಹೆಂಗಸರಿಗೂ ದುಡಿಯುವ ಬಡವರಿಗೂ ಮತದ ಹಕ್ಕು ಸಿಗಲಿಲ್ಲ. ಅದೇ ವರ್ಷ ಜೆಫ್ರಿ ಎಡಿನ್‌ಬರೋದಿಂದ ಸಂಸತ್ತಿಗೆ ಗೆದ್ದರೂ, ಅಲ್ಲಿ ಅವರ ಮಾತು ಕೋರ್ಟಿನಲ್ಲಿದ್ದಷ್ಟು ಕಳೆಗಟ್ಟಲಿಲ್ಲ.

1834ರಲ್ಲಿ ‘ಲಾರ್ಡ್ ಜೆಫ್ರಿ’ಯಾಗಿ ಸ್ಕಾಟ್ಲೆಂಡಿನ ಅತ್ಯುನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್‌ನ ನ್ಯಾಯಪೀಠವೇರಿದರು. ಶ್ರದ್ಧೆಯ ನ್ಯಾಯಾಧೀಶರು, ವಕೀಲರ ವಾದದ ನಡುವೆ ಬಾಯಿ ಹಾಕುವ ಚಪಲವೊಂದು ಮಾತ್ರ ಕೊನೆಗೂ ಬಿಡಲಿಲ್ಲ.