ಹಳೆ ಕಾರು ಎಕ್ಸ್‌ಚೇಂಜ್‌ಗೆ ಕೊಟ್ಟರೆ 18% ಜಿಎಸ್‌ಟಿ ಕಟ್ಟಬೇಕೇ? ಬಾಂಡ್ ಪೇಪರ್ ಇದ್ದರೆ ಸಾಕೇ?

ಬಾಗಲಕೋಟೆ ಜಿಲ್ಲೆಯ ಐಹೊಳೆಯ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳುಹಿಸಿ, ‘ಇದು ಖರೆ ಏನ್ರಿ?’ ಎಂದು ಕೇಳಿದ್ದಾರೆ. ಅವರ ಬಳಿ ಕೆಎ-29 ನೋಂದಣಿಯ 13 ವರ್ಷದ ಹಳೆ ಕಾರಿದೆ. ಅದನ್ನು ಬಾಗಲಕೋಟೆಯ ಶೋರೂಮಿಗೆ ಕೊಟ್ಟು ಹೊಸದನ್ನು ತರುವ ಯೋಚನೆ ಅವರದು. ಸಂದೇಶದಲ್ಲಿ ಮೂರು ಮಾತುಗಳಿವೆ:

1. ಹಳೆ ಕಾರು ಮಾರುವ ಪ್ರತಿಯೊಬ್ಬರೂ 18% ಜಿಎಸ್‌ಟಿ ಕಟ್ಟಬೇಕು.
2. 15 ವರ್ಷ ತುಂಬಿದ ಕಾರು ನೇರ ಗುಜರಿಗೆ, ಈಗಲೇ ಸಿಕ್ಕಷ್ಟಕ್ಕೆ ಕೊಟ್ಟುಬಿಡಿ.
3. ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು ಕೀ ಕೊಟ್ಟರೆ ನಿಮ್ಮ ಜವಾಬ್ದಾರಿ ಮುಗಿಯಿತು.

ಮೂರನ್ನೂ ನಾವು ಪರಿಶೀಲಿಸಿದೆವು. ಮೊದಲ ಎರಡನ್ನು ನಂಬಿದರೆ ಒಂದಿಷ್ಟು ದುಡ್ಡು ಹೋಗಬಹುದು. ಮೂರನೆಯದನ್ನು ನಂಬಿದರೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗಬಹುದು.

ಮಾರುವವರೆಲ್ಲ 18% ಜಿಎಸ್‌ಟಿ ಕಟ್ಟಬೇಕೇ?

ಇಲ್ಲ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆ, ಬಳಸಿದ ವಾಹನಗಳ ಮೇಲೆ 18% ದರ ನಿಗದಿ ಮಾಡಿತು. 12 ಲಕ್ಷಕ್ಕೆ ಕೊಂಡ ಕಾರನ್ನು 9 ಲಕ್ಷಕ್ಕೆ ಮಾರಿದರೆ ಆ 3 ಲಕ್ಷದ ನಷ್ಟಕ್ಕೂ ತೆರಿಗೆ ಎಂಬ ತಪ್ಪು ಲೆಕ್ಕ ಆಗಲೇ ಎಲ್ಲ ಕಡೆ ಹಬ್ಬಿತು.

ಈ ತೆರಿಗೆ ಬೀಳುವುದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯ ಮೇಲೆ, ಅದೂ ಅವರಿಗೆ ಉಳಿಯುವ ಲಾಭದ ಮೇಲೆ ಮಾತ್ರ. ನಿಮ್ಮಿಂದ 2 ಲಕ್ಷಕ್ಕೆ ಕೊಂಡ ಕಾರನ್ನು ಡೀಲರ್ 2.30 ಲಕ್ಷಕ್ಕೆ ಮಾರಿದರೆ, ತೆರಿಗೆ 30 ಸಾವಿರದ ಮೇಲೆ. ಅದನ್ನು ಕಟ್ಟುವವರು ಡೀಲರ್. ಸ್ವಂತ ಬಳಕೆಯ ಕಾರು ಮಾರುವ ಸಾಮಾನ್ಯ ವ್ಯಕ್ತಿಗೆ ಇದು ಅನ್ವಯಿಸುವುದಿಲ್ಲ. ಕಾರು ಜಿಎಸ್‌ಟಿ ನೋಂದಣಿ ಇರುವ ನಿಮ್ಮ ಅಂಗಡಿಯ ಲೆಕ್ಕದಲ್ಲಿದ್ದರೆ ಮಾತ್ರ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

15 ವರ್ಷವಾದರೆ ಗುಜರಿಯೇ?

‘ಇನ್ನೆರಡು ವರ್ಷಕ್ಕ ಗುಜರಿಗೆ ಹೋಗೋ ಗಾಡಿರಿ ಇದು, ಇದಕ್ಕ ಯಾರೂ ರೇಟ್ ಕೊಡಂಗಿಲ್ರಿ.’ ಶೋರೂಮಿನಲ್ಲಿ ಈ ಮಾತು ಕೇಳಿದರೆ ಗಾಬರಿಯಾಗಬೇಡಿ. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆದರೆ ಆರ್‌ಟಿಒ ಪರೀಕ್ಷೆಯಲ್ಲಿ ಪಾಸಾದರೆ ಅದನ್ನು ಮತ್ತೆ 5 ವರ್ಷಕ್ಕೆ ನವೀಕರಿಸಬಹುದು. 15ರಿಂದ 20 ವರ್ಷದ ಕಾರಿಗೆ ನವೀಕರಣ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಶುಲ್ಕವನ್ನು 10,000ಕ್ಕೆ ಏರಿಸಲಾಗಿದೆ.

ಗೊಂದಲಕ್ಕೆ ಎರಡು ಕಾರಣಗಳಿವೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆಂದು ಬಂದದ್ದು. ಇನ್ನು 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ವಾಹನಗಳ ನೋಂದಣಿ ರದ್ದಾಗುತ್ತಿರುವುದು ಸರ್ಕಾರಿ ವಾಹನಗಳಿಗೆ. ಎರಡೂ ಐಹೊಳೆಯ ಮನೆ ಮುಂದೆ ನಿಂತ ಕಾರಿಗೆ ಸಂಬಂಧಿಸಿದ್ದಲ್ಲ.

ಹಾಗಂತ ಮಾರಾಟಗಾರರ ಮಾತು ಪೂರ್ತಿ ಸುಳ್ಳಲ್ಲ. ನವೀಕರಣದ ಖರ್ಚು ಕೊಳ್ಳುವವರ ತಲೆಗೆ ಬರುವುದರಿಂದ 15 ವರ್ಷ ಹತ್ತಿರವಾದಂತೆ ಬೆಲೆ ಇಳಿಯುತ್ತದೆ. ಆದರೆ ಬೆಲೆ ಇಳಿದ ಕಾರಿಗೂ ಗುಜರಿ ದರಕ್ಕೂ ಬಹಳ ಅಂತರವಿದೆ.

ಬಾಂಡ್ ಪೇಪರ್ ಇದ್ದರೆ ಸಾಕೇ?

ಸಾಲದು. ಈ ಸಂದೇಶದ ಅತ್ಯಂತ ಅಪಾಯಕಾರಿ ಮಾತು ಇದೇ.

2009ರ ಒಂದು ಅಪಘಾತದ ಪ್ರಕರಣ ನೋಡಿ. ಕಾರು ಅಷ್ಟರಲ್ಲಿ ಹಲವು ಕೈ ಬದಲಾಗಿತ್ತು. ಆರ್‌ಸಿ ಮಾತ್ರ ಮೊದಲು ಮಾರಿದವರ ಹೆಸರಿನಲ್ಲೇ ಉಳಿದಿತ್ತು. ಅಪಘಾತದಲ್ಲಿ ಒಂದು ಮಗು ತೀರಿಕೊಂಡಿತು. ‘ನಾನು ಎಂದೋ ಮಾರಿದ್ದೇನೆ’ ಎಂಬ ವಾದ ನಿಲ್ಲಲಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಪ್ರಕಾರ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 6ರಂದು ತೀರ್ಪು ನೀಡಿತು (ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್). ನೊಂದವರು ಕಾರು ಯಾರಿಂದ ಯಾರಿಗೆ ಹೋಯಿತು ಎಂದು ಹುಡುಕುತ್ತಾ ಅಲೆಯುವಂತಾಗಬಾರದು ಎಂಬುದು ಇದರ ಹಿಂದಿನ ಕಾರಣ.

ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಇದಕ್ಕಿರುವುದೇ ಫಾರಂ 29 ಮತ್ತು 30.

ಡೀಲರ್‌ಗೆ ಕೊಡುವಾಗ ಇನ್ನೊಂದು ದಾರಿಯಿದೆ. 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಅಂಥ ಡೀಲರ್‌ಗೆ ಕಾರು ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಆನ್‌ಲೈನ್‌ನಲ್ಲಿ ದಾಖಲಿಸಿದರೆ, ಕಾರು ಮುಂದೆ ಮಾರಾಟವಾಗುವವರೆಗೆ ಆ ಡೀಲರ್‌ನನ್ನೇ ಮಾಲೀಕ ಎಂದು ಪರಿಗಣಿಸಲಾಗುತ್ತದೆ.

ಬೋನಸ್ ಲೆಕ್ಕ ಹೀಗಿರುತ್ತದೆ

ಹೊರಗೆ ನಿಮ್ಮ ಕಾರಿಗೆ 2.40 ಲಕ್ಷ ಸಿಗುತ್ತದೆ ಎಂದುಕೊಳ್ಳಿ. ಶೋರೂಮಿನವರು 2.10 ಲಕ್ಷ ಕಟ್ಟಿ, ‘ಮೇಲೆ 30 ಸಾವಿರ ಎಕ್ಸ್‌ಚೇಂಜ್ ಬೋನಸ್’ ಎನ್ನುತ್ತಾರೆ. ಕೂಡಿಸಿದರೆ ಅದೇ 2.40 ಲಕ್ಷ. ಬೋನಸ್ ಹೆಸರಿಗಷ್ಟೇ. ಹೊಸ ಕಾರಿನ ರಿಯಾಯಿತಿ, ಹಳೆ ಕಾರಿನ ಬೆಲೆ, ಬೋನಸ್ ಮೂರನ್ನೂ ಒಂದೇ ಮೊತ್ತದಲ್ಲಿ ಹೇಳಿದಾಗ ಎಲ್ಲಿ ಎಷ್ಟು ಹೋಯಿತು ಎಂಬುದು ಗೊತ್ತಾಗುವುದಿಲ್ಲ.

ಕೀ ಕೊಡುವ ಮೊದಲು

- ಹಳೆ ಕಾರಿನ ಮಾತೆತ್ತದೆ ಹೊಸ ಕಾರಿನ ಆನ್-ರೋಡ್ ಬೆಲೆ ಮತ್ತು ರಿಯಾಯಿತಿಯನ್ನು ಬರೆಸಿಕೊಳ್ಳಿ. ಹಳೆ ಕಾರಿನ ಬೆಲೆ ಆಮೇಲೆ ಮಾತಾಡಿ.
- ಇಳಕಲ್, ಬಾಗಲಕೋಟೆ, ಹುಬ್ಬಳ್ಳಿ ಹೀಗೆ ಕನಿಷ್ಠ ಎರಡು ಕಡೆ ದರ ಕೇಳಿ. ‘ಆಫರ್ ಇವತ್ತೇ ಕೊನೆ’ ಎಂದರೂ ಒಂದು ರಾತ್ರಿ ಯೋಚಿಸಿ.
- ಕಾರು ಕೊಳ್ಳುತ್ತಿರುವುದು ಶೋರೂಮೋ, ಪಕ್ಕದಲ್ಲಿ ನಿಂತ ಬ್ರೋಕರೋ ಕೇಳಿ. ಅಧಿಕಾರ ಪತ್ರ ತೋರಿಸಲು ಹೇಳಿ.
- ಖಾಲಿ ಫಾರಂ 29, 30ಕ್ಕೆ ಸಹಿ ಹಾಕಬೇಡಿ. ಕೊಳ್ಳುವವರ ಹೆಸರು, ದಿನಾಂಕ ತುಂಬಿದ ಮೇಲೆಯೇ ಸಹಿ.
- ಒಪ್ಪಿಸಿದ ದಿನ, ಸಮಯ, ಓಡಿದ ಕಿಲೋಮೀಟರ್ ಬರೆದ ರಸೀದಿ ಪಡೆಯಿರಿ. 29ಸಿ ಸ್ವೀಕೃತಿಯನ್ನು ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ.
- ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ತೆಗೆಸಿ.
- ಫಾಸ್ಟ್ಯಾಗ್ ಮುಚ್ಚಿಸಿ. ವಿಮೆಯ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ನಿಮ್ಮದು. ಅದರ ಪತ್ರ ಪಡೆದರೆ ಹೊಸ ಕಾರಿನ ಸ್ವಂತ ಹಾನಿ ವಿಮೆಯ ಕಂತಿನಲ್ಲಿ 20ರಿಂದ 50% ಉಳಿಯುತ್ತದೆ.
- ಒಂದು ತಿಂಗಳ ನಂತರ ಪರಿವಾಹನ್ ಜಾಲತಾಣದಲ್ಲಿ ಆರ್‌ಸಿ ಸ್ಥಿತಿ ನೋಡಿ.

ಒಟ್ಟಾರೆ

ಜಿಎಸ್‌ಟಿ ಮಾತು ಸುಳ್ಳು. 15 ವರ್ಷದ ಮಾತು ದಾರಿ ತಪ್ಪಿಸುವಂಥದ್ದು. ಬಾಂಡ್ ಪೇಪರ್ ಮಾತು ತಪ್ಪು ಮತ್ತು ಅಪಾಯಕಾರಿ. ಬೆಲೆಯಲ್ಲಿ ಹತ್ತು ಸಾವಿರ ಹೆಚ್ಚು ಕಡಿಮೆಯಾದರೆ ಸುಧಾರಿಸಿಕೊಳ್ಳಬಹುದು, ಆರ್‌ಸಿಯಲ್ಲಿ ಉಳಿದ ಹೆಸರು ವರ್ಷಗಳ ನಂತರವೂ ಕಾಡುತ್ತದೆ. ಆ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೆ ಇದನ್ನು ಹಾಕಿ. ಕಾರು ಕೊಡುವ ಮೊದಲೇ ಯಾರಾದರೂ ಓದಿಯಾರು.